ಟೆನ್ಸ್ ಮೆಷಿನ್, 3 ವರ್ಷದ ಬಳಕೆ: ನಂಬರನ್ನು ನಂಬಬೇಡಿ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಯುತ್ತಾ ಕೂತು ಸೊಂಟ ಹಿಡಿದವರು ಒಬ್ಬಿಬ್ಬರಲ್ಲ. ನಾನೂ ಅದರಲ್ಲಿ ಒಬ್ಬ. 3 ವರ್ಷದ ಹಿಂದೆ ಫಿಜಿಯೋಥೆರಪಿ ಡಾಕ್ಟರ್ ಹೇಳಿದರು ಅಂತ ಟೆನ್ಸ್ ಮೆಷಿನ್ ಕೊಂಡೆ. ಒಂದು 9 ವೋಲ್ಟ್ ಬ್ಯಾಟರಿ, ನಾಲ್ಕು ಅಂಟು ಪ್ಯಾಡ್, 1ರಿಂದ 10ರವರೆಗೆ ತಿರುಗಿಸುವ ಗುಂಡಿ, ಅಷ್ಟೇ. ಕರೆಂಟ್ ಸಣ್ಣಗೆ ಜುಮ್ ಜುಮ್ ಅನ್ನುತ್ತದೆ, ನೋವು ಸ್ವಲ್ಪ ಹಿಂದೆ ಸರಿಯುತ್ತದೆ.

ಯೂನಿಟ್‌ಗೆ ಒಯ್ದದ್ದೇ ತಪ್ಪಾಯಿತು. ಯಾರು ಜಾಸ್ತಿ ತಡೆಯುತ್ತಾರೆ ಅಂತ ಹುಡುಗರು ಪಂದ್ಯ ಕಟ್ಟಿದರು. ಮುಂಗೈಗೆ ಪ್ಯಾಡ್ ಹಚ್ಚಿಕೊಂಡ ಕಟಿಂಗ್ ಮಾಸ್ಟರ್ 9ರವರೆಗೆ ಹೋಗಿ ಮೀಸೆ ತಿರುವಿದ. ನಾನು 7. ಮನೆಗೆ ಬಂದು ಹೆಂಡತಿಗೆ ಹಚ್ಚಿದರೆ 4ಕ್ಕೇ "ಅಯ್ಯೋ, ಸಾಕು" ಅಂದಳು. ನಾನು ನಕ್ಕೆ. ಅವಳು ಬಿಡಬೇಕಲ್ಲ! "ರೀ, ನಾನು ಈಗಷ್ಟೇ ಪಾತ್ರೆ ತೊಳೆದು ಬಂದೀನಿ. ನಿಮ್ಮ ಕೈ ಒಣಕಟ್ಟಿಗೆ ಆಗೈತಿ. ತೊಳ್ಕೊಂಡು ಬರ್ರಿ, ನೋಡೋಣ." ತೊಳೆದು ಬಂದೆ. 5ಕ್ಕೇ ನಾನು ಕೂಗಿದೆ.

ಮುಂದಿನ ಸಲ ಡಾಕ್ಟರನ್ನು ಕೇಳಿದಾಗ ವಿಷಯ ಗೊತ್ತಾಯಿತು. ಚರ್ಮದ ಮೇಲೆ ಕಾಗದಕ್ಕಿಂತ ತೆಳುವಾದ ಸತ್ತ ಪದರ ಇರುತ್ತದೆ. ಕರೆಂಟನ್ನು ತಡೆಯುವುದು ಹೆಚ್ಚಾಗಿ ಅದೇ. ಒಣಗಿದ್ದರೆ ಅದರ ತಡೆ 1 ಲಕ್ಷ ಓಮ್‌ವರೆಗೂ ಹೋಗಬಹುದು, ನೆನೆದರೆ 1,000 ಓಮ್ ಆಸುಪಾಸಿಗೆ ಇಳಿಯಬಹುದು. ನನ್ನ ಹಳೆ ಮೆಷಿನ್ ಗುಂಡಿ ಇಟ್ಟ ನಂಬರಿಗೆ ತಕ್ಕ ವೋಲ್ಟೇಜನ್ನಷ್ಟೇ ಕೊಡುವಂಥದ್ದು. ಒಳಗೆ ಎಷ್ಟು ಕರೆಂಟ್ ಹೋಗಬೇಕು ಅನ್ನುವುದನ್ನು ಚರ್ಮವೇ ತೀರ್ಮಾನಿಸುತ್ತದೆ. ಅಂದರೆ ಮಾಸ್ಟರ್‌ನ 9 ಅವನ ಧೈರ್ಯದ್ದಲ್ಲ, ಒಣಗಿದ ತೊಗಲಿನದ್ದು! ನೋವು ಎಲ್ಲಿ ಶುರುವಾಗುತ್ತದೆ ಅಂತ ಸರಿಯಾಗಿ ಅಳೆಯುವವರು ಚರ್ಮವನ್ನು ಉಜ್ಜಿ, ಜೆಲ್ ಹಚ್ಚಿ, ಕರೆಂಟನ್ನೇ ಮಿಲಿಆಂಪಿಯರ್‌ನಲ್ಲಿ ಲೆಕ್ಕ ಹಾಕುತ್ತಾರಂತೆ. ಹಾಗೆ ಮಾಡಿದರೂ ಅದು ಸೊಂಟನೋವಿನ ಅಳತೆ ಅಲ್ಲ. ಕರೆಂಟ್ ನೇರವಾಗಿ ನರವನ್ನೇ ಮುಟ್ಟುತ್ತದೆ. ಸ್ಪರ್ಶದ ದಪ್ಪ ನರಗಳು ಮೊದಲು ಎಚ್ಚರವಾಗುತ್ತವೆ, ನೋವಿನ ಸಣ್ಣವು ಆಮೇಲೆ. ಮೊದಲು ಜುಮ್, ಆಮೇಲೆ ಚುರುಕ್ ಅನ್ನುವುದು ಅದಕ್ಕೇ.

ಹೋದ ವರ್ಷ ಕರೆಂಟನ್ನು ಸ್ಥಿರವಾಗಿ ಇಡುವ ಮೆಷಿನ್ ಕೊಂಡೆ. ರೇಟು ಜಾಸ್ತಿ, ಆದರೆ ಏಪ್ರಿಲ್‌ನ ಒಣ ಮಧ್ಯಾಹ್ನಕ್ಕೂ ಬೆವರಿದ ಸಂಜೆಗೂ ಒಂದೇ ನಂಬರ್ ಸಾಕು. ಹಳೆಯದರಲ್ಲಿ ಮಧ್ಯಾಹ್ನ 6 ಇಟ್ಟದ್ದನ್ನು ಮರೆತು ಸಂಜೆ ಆನ್ ಮಾಡಿ, ಎರಡು ಸಲ ಕುರ್ಚಿಯಿಂದ ಹಾರಿದ್ದೇನೆ. ಹೊಸದಕ್ಕೂ ಒಂದು ದೋಷ ಇದೆ. ಪ್ಯಾಡಿನ ಮೂಲೆ ಎದ್ದರೆ ಅಷ್ಟೂ ಕರೆಂಟನ್ನು ಅಂಟಿಕೊಂಡಿರುವ ಜಾಗದಲ್ಲೇ ತುರುಕುತ್ತದೆ, ಕೆಂಜಿಗ ಕಚ್ಚಿದ ಹಾಗೆ ಆಗುತ್ತದೆ.

ಖರ್ಚು ಇರುವುದು ಪ್ಯಾಡಿಗೇ. ನಮ್ಮಲ್ಲಿ ಜೀನ್ಸ್ ನೂಲಿನ ನೀಲಿ ಪುಡಿ ಅಂಟಿ ಬೇಗ ಹಾಳಾಗುತ್ತದೆ. ಒಂದು ಹನಿ ನೀರು ಸವರಿದರೆ ಇನ್ನೊಂದು ವಾರ ಬರುತ್ತದೆ. ಹಚ್ಚುವ ಮುಂಚೆ ಚರ್ಮ ತೊಳೆದು ಒರೆಸಿ, ಎಣ್ಣೆ ಇರಬಾರದು.

ಗುಣವಾಯಿತಾ? ಇಲ್ಲ. ಹಚ್ಚಿಕೊಂಡಾಗ ಮತ್ತು ಆಮೇಲೆ ಒಂದು ಗಂಟೆ ಹಗುರ, ಅಷ್ಟೇ. ನಿಜ ಹೇಳಬೇಕೆಂದರೆ ಸ್ಟೂಲ್ ಎತ್ತರ ಮಾಡಿಸಿದ್ದೇ ಇದಕ್ಕಿಂತ ಜಾಸ್ತಿ ಕೆಲಸ ಮಾಡಿತು. 5ಕ್ಕೆ ಮೂರೂವರೆ ಕೊಡುತ್ತೇನೆ. ಪಕ್ಕದ ಮನೆಯ ದೊಡ್ಡಪ್ಪ ಎರಡು ಸಲ ಕೇಳಿದರು, ಕೊಡಲಿಲ್ಲ. ಅವರಿಗೆ ಹೃದಯದ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಇದೆ, ಈ ಕರೆಂಟ್ ಅದಕ್ಕೆ ಅಡ್ಡಿ ಮಾಡಬಹುದು.

ಹಳೆ ಮೆಷಿನ್ ಈಗಲೂ ಯೂನಿಟ್‌ನಲ್ಲೇ ಇದೆ. ಕಟಿಂಗ್ ಮಾಸ್ಟರ್‌ಗೆ ಮಾತ್ರ ಕೈ ತೊಳೆದು ಬಾ ಅಂದರೆ, ಯಾವಾಗಲೂ ಕೆಲಸ ಇರುತ್ತದೆ.