‘ಸುಲಭ ಫ್ಯಾಮಿಲಿ ಟ್ರೆಕ್’ ಅಂದರೆ ಮೊದಲು ಹಳ್ಳ ಎಷ್ಟು ಅಂತ ಕೇಳಿ

ಮಳೆಗಾಲದಲ್ಲಿ ಖಾನಾಪುರ ಕಡೆ ‘ಫ್ಯಾಮಿಲಿ ವಾಕ್’ಗೆ ದುಡ್ಡು ಕಟ್ಟುವವರು ಇದನ್ನು ಓದಿ ಆಮೇಲೆ ಕಟ್ಟಿ. ಎಷ್ಟು ಕಿಲೋಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಸಲ ಹಳ್ಳ ದಾಟಬೇಕು ಅಂತ ಯಾರೂ ಕೇಳುವುದಿಲ್ಲ. ನಮ್ಮ ಫಜೀತಿ ಆಗಿದ್ದು ಅಲ್ಲೇ.

ವಾಟ್ಸಾಪಿಗೆ ಬಂದ ಮೆಸೇಜ್ ಚೆಂದವೇ ಇತ್ತು. ಜಾಂಬೋಟಿ ಆಚೆ, ಮಲಪ್ರಭೆಗೆ ಸೇರುವ ಹಳ್ಳದ ಗುಂಟ 4 ಕಿ.ಮೀ. ನಡಿಗೆ. ಸಮತಟ್ಟು ದಾರಿ. ಐದು ವರ್ಷದ ಮಕ್ಕಳಿಂದ ಅಜ್ಜ-ಅಜ್ಜಿಯವರೆಗೆ ಯಾರು ಬೇಕಾದರೂ ಬರಬಹುದು. ಊಟ ಸೇರಿ ತಲೆಗೆ 800 ರೂಪಾಯಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ ಹೊರಟೆವು. ಅವ್ವ ದಿನಾ ವಾಕಿಂಗ್ ಮಾಡುವವಳು, ಅವಳಿಗೆ 4 ಕಿ.ಮೀ. ಏನೂ ಅಲ್ಲ. ಕಿಲೋಮೀಟರ್ ಲೆಕ್ಕ ಸುಳ್ಳೂ ಆಗಿರಲಿಲ್ಲ, ಅಷ್ಟು ಒಪ್ಪಬೇಕು.

ಆದರೆ ದಾರಿ ಮೂರು ಕಡೆ ಹಳ್ಳ ದಾಟುತ್ತಿತ್ತು. ಸೇತುವೆ ಇಲ್ಲ, ಹಗ್ಗ ಇಲ್ಲ. ಹೋಗುವಾಗ ನೀರು ಪಾದ ಮುಳುಗುವಷ್ಟು, ಮಕ್ಕಳಿಗೆ ಭಾರಿ ಖುಷಿ. ಕಲ್ಲಿನ ಮೇಲೆ ಪಾಚಿ ಜಾರುತ್ತಿತ್ತು, ಜಿಗಣೆ ಹತ್ತಿದವು. ಅದೆಲ್ಲ ಇರಲಿ, ಮಳೆಗಾಲದ ಕಾಡು ಅಂದಮೇಲೆ ಅದು ಇದ್ದದ್ದೇ.

ನಾವಿದ್ದಲ್ಲಿ ಮಳೆ ಇರಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಮಾತ್ರ ಮೋಡ ಕಪ್ಪಗೆ ಕಟ್ಟಿತ್ತು. ಬೆಳಗಾವಿ ಪೇಟೆಯಲ್ಲಿ ಛತ್ರಿ ಬಿಚ್ಚದ ದಿನವೂ ಆ ಘಟ್ಟದಂಚಿನಲ್ಲಿ ಸುರಿಯುತ್ತಿರುತ್ತದೆ, ಸುರಿದದ್ದು ಬೇಗನೆ ಕೆಳಗಿನ ಹಳ್ಳಗಳಿಗೆ ಇಳಿಯುತ್ತದೆ. ಊಟ ಮುಗಿಸಿ ವಾಪಸ್ ಬರುವಾಗ ಮೊದಲು ಬದಲಾಗಿದ್ದು ನೀರಿನ ಬಣ್ಣ. ತಿಳಿ ಹೋಗಿ ಕೆಂಪಾಗಿತ್ತು. ಆಮೇಲೆ ಎಲೆ, ಕಡ್ಡಿ, ನೊರೆ ತೇಲಿ ಬಂದವು. ಇವು ಕಂಡರೆ ಮೇಲಿನಿಂದ ನೀರು ಏರಿ ಬರುತ್ತಿದೆ ಅಂತಲೇ ತಿಳಿಯಿರಿ. ಗೈಡ್ ಅನ್ನಿಸಿಕೊಂಡ ಹುಡುಗನಿಗೆ ಅದು ಗೊತ್ತಿರಲಿಲ್ಲ. ‘ಮೊಣಕಾಲವರೆಗೆ ಅಷ್ಟೇ ಸರ್, ಎಲ್ಲರೂ ಕೈ ಹಿಡ್ಕೊಂಡು ದಾಟೋಣ’ ಅಂದ. ಮಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲೂ ಮುಂದಾದ.

ಹಿಂದಿನಿಂದ ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಕೂಗಿದರು: ‘ಏ ತಮ್ಮಾ, ಹುಚ್ಚ ಹಿಡದೈತೇನ? ಹಳ್ಳ ಬರಾಕತ್ತೈತಿ. ನಾ ಎಮ್ಮಿನೂ ಇಳಿಸಂಗಿಲ್ಲ!’

ಮೊಣಕಾಲುದ್ದದ ನೀರು ಅಂದರೆ ಹಗುರವಾಗಿ ತಗೊಳ್ಳಬೇಡಿ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕೆಂಪು ನೀರಿನಲ್ಲಿ ಕಾಲಿಡುವ ಕಲ್ಲೂ ಕಾಣುವುದಿಲ್ಲ.

ಆ ಹಿರಿಯರೇ ಬೇರೆ ಕಾಲುದಾರಿಯಲ್ಲಿ ಸುತ್ತು ಹಾಕಿಸಿ ನಮ್ಮನ್ನು ರಸ್ತೆಗೆ ಮುಟ್ಟಿಸಿದರು. ದುಡ್ಡು ಕೊಡಲು ಹೋದರೆ ಬೈದರು. ಅಷ್ಟರಲ್ಲಿ ಕತ್ತಲಾಗಿತ್ತು. ನೆಟ್‌ವರ್ಕ್ ಇಲ್ಲ, ಗೈಡ್ ಹತ್ತಿರ ಟಾರ್ಚ್ ಕೂಡ ಇಲ್ಲ. ರಸ್ತೆಯಲ್ಲಿ ಸಿಕ್ಕ ಅರಣ್ಯ ಸಿಬ್ಬಂದಿ ಅನುಮತಿ ಪತ್ರ ಕೇಳಿದಾಗ ಅದೂ ಇರಲಿಲ್ಲ. ಅನುಮತಿ ಅನ್ನೋದು ಅಲ್ಲಿ ಬರೀ ಕಾಗದದ ಮಾತಲ್ಲ. ಖಾನಾಪುರ ತಾಲ್ಲೂಕಿನಲ್ಲೇ ಭೀಮಗಡ ವನ್ಯಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು. ಅನುಮತಿ ಇಲ್ಲದೆ ವನ್ಯಧಾಮದೊಳಗೆ ಕಾಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಪ್ಪು. ಕರಡಿ ಓಡಾಡುವ ಕಾಡು ಬೇರೆ. ಮಳೆಗಾಲದಲ್ಲಿ ಆ ಭಾಗದ ಜಲಪಾತಗಳಿಗೆ ಇಲಾಖೆ ಪ್ರವೇಶ ನಿಲ್ಲಿಸುವುದೂ ಉಂಟು.

ದುಡ್ಡು ವಾಪಸ್ ಕೇಳಿದೆ. ‘ಮಳೆ ನಮ್ಮ ಕೈಯಲ್ಲಿದೆಯಾ ಸರ್?’ ಅಂದರು. ಮಳೆ ಯಾರ ಕೈಯಲ್ಲೂ ಇಲ್ಲ, ಸರಿ. ಮೂರು ಕಡೆ ಹಳ್ಳ ದಾಟಬೇಕು ಅಂತ ಮೆಸೇಜಿನಲ್ಲಿ ಬರೆಯುವುದು ಅವರ ಕೈಯಲ್ಲೇ ಇತ್ತು, ಅಲ್ವಾ?

ಹಾಗಾಗಿ ಅಡ್ವಾನ್ಸ್ ಕಳಿಸುವ ಮೊದಲೇ ಕೇಳಿ: ನೀರು ಏರಿದರೆ ವಾಪಸ್ ಬರಲು ಬೇರೆ ದಾರಿ ಯಾವುದು? ಅರಣ್ಯ ಇಲಾಖೆಯ ಅನುಮತಿ ಪತ್ರದ ಫೋಟೋ ಕಳಿಸುತ್ತೀರಾ? ಉತ್ತರ ತೊದಲಿದರೆ ಬಿಟ್ಟುಬಿಡಿ. ಹೊರಟಿದ್ದೇ ಆದರೆ, ‘ಎರಡು ತಾಸಿನ ಮಾತು, ಬ್ಯಾಗ್ ಗಾಡಿಯಲ್ಲೇ ಇರಲಿ’ ಅಂತ ಅವರು ಹೇಳಿದ್ದನ್ನು ಮಾತ್ರ ಕೇಳಬೇಡಿ. ಅವ್ವನ ಶುಗರ್ ಮಾತ್ರೆ ಆ ಬ್ಯಾಗಿನಲ್ಲಿತ್ತು. ಟಾರ್ಚ್, ಬಿಸ್ಕೆಟ್, ಮಾತ್ರೆ ಮೂರೂ ನಿಮ್ಮ ಹೆಗಲ ಮೇಲೆಯೇ ಇರಲಿ.