3ಯು, 4ಯು, 5ಯು: ಮೂರು ಸಾವಿರದ ಆಸುಪಾಸಿನ ಮೂರು ಶಟಲ್ ರಾಕೆಟ್

ನಾನು ಈಗ ಆಡುತ್ತಿರುವುದು 2,600 ರೂಪಾಯಿಯ ರಾಕೆಟ್‌ನಲ್ಲಿ. ಅದಕ್ಕಿಂತ 500 ಜಾಸ್ತಿ ಕೊಟ್ಟು ತಂದದ್ದು ಬಿರುಕು ಬಿಟ್ಟು ಅಟ್ಟ ಸೇರಿದೆ. ಎಲ್ಲಕ್ಕಿಂತ ಮೊದಲು ಕೊಂಡದ್ದು ಅಣ್ಣನ ಮಗನ ಕೈಯಲ್ಲಿದೆ, ಅವನು ಅದರಲ್ಲಿ ಚೆನ್ನಾಗಿಯೇ ಆಡುತ್ತಾನೆ. ಒಂದೂವರೆ ವರ್ಷದಲ್ಲಿ ಈ ಮೂರರಲ್ಲೂ ಆಡಿದ್ದೇನೆ. ಈಚೆಗೆ ನಮ್ಮ ಕೋರ್ಟ್‌ಗೆ ಹೊಸದಾಗಿ ಬರುವ ಹೆಂಗಸರು ಯಾವುದು ತಗೊಳ್ಳಲಿ ಅಂತ ದಿನಾ ಕೇಳುತ್ತಾರೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ಆಡುವುದು ತುಮಕೂರಿನ ಎಸ್.ಎಸ್. ಪುರಂ ಕಡೆಯ ಒಂದು ಒಳಾಂಗಣ ಕೋರ್ಟ್‌ನಲ್ಲಿ, ಬೆಳಿಗ್ಗೆ ಐದೂಮುಕ್ಕಾಲಿಂದ ಏಳರವರೆಗೆ, ವಾರಕ್ಕೆ ನಾಲ್ಕು ದಿನ. ಬರೀ ಡಬಲ್ಸ್. ಇರುವುದು ಎರಡು ಕೋರ್ಟ್, ಬರುವವರು ಹನ್ನೆರಡು ಜನ, ಸಿಂಗಲ್ಸ್ ಆಡುತ್ತೇನೆ ಅಂದರೆ ಕಾಯುವವರು ಬಿಡುವುದಿಲ್ಲ. ವಾರದ ದಿನಗಳಲ್ಲಿ ನೈಲಾನ್ ಕಾಕ್, ಭಾನುವಾರ ಮಾತ್ರ ಗರಿಯ ಕಾಕ್. ನಿಮ್ಮ ಆಟ ಬೇರೆ ಥರ ಇದ್ದರೆ ನನ್ನ ತೀರ್ಪೂ ಸ್ವಲ್ಪ ಬದಲಾಗುತ್ತದೆ.

ಕಂಪನಿ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಯೋನೆಕ್ಸ್, ವಿಕ್ಟರ್, ಲಿ-ನಿಂಗ್ ಎಲ್ಲರೂ ಹಗುರದ್ದು, ಭಾರದ್ದು, ತಲೆಭಾರದ್ದು ಎಲ್ಲ ಬಗೆಯನ್ನೂ ಮಾಡುತ್ತಾರೆ, ಮಾಡೆಲ್ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ನೋಡಬೇಕಾದ್ದು ತೂಕ, ಬ್ಯಾಲೆನ್ಸ್ (ಭಾರ ತಲೆಯ ಕಡೆಗೋ ಹಿಡಿಯ ಕಡೆಗೋ ಅನ್ನುವುದು), ಶಾಫ್ಟ್ ಅಂದರೆ ಹಿಡಿಗೂ ತಲೆಗೂ ನಡುವಿನ ಕೋಲು ಎಷ್ಟು ಬಗ್ಗುತ್ತದೆ ಅನ್ನುವುದು. ತೂಕವನ್ನು ಹಿಡಿಯ ಮೇಲೆ ಬರೆದಿರುತ್ತಾರೆ: 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಅಂಕಿ ಹೆಚ್ಚಾದಷ್ಟೂ ರಾಕೆಟ್ ಹಗುರ. ಅಂಗಡಿಯಲ್ಲಿ ಕೈಗೆ ಹಿಡಿದಾಗ ಐದು ಗ್ರಾಂ ಏನು ಮಹಾ ಅನ್ನಿಸುತ್ತದೆ. ಮೂರನೇ ಗೇಮ್‌ನಲ್ಲಿ ಆ ಐದು ಗ್ರಾಂ ಏನು ಅಂತ ಭುಜಕ್ಕೆ ಗೊತ್ತಾಗುತ್ತದೆ.

ಮೊದಲು ಕೊಂಡದ್ದು 3ಯು, 2,300 ರೂಪಾಯಿ, ತಲೆಭಾರ, ಗಟ್ಟಿ ಶಾಫ್ಟ್. ಕಾಕ್ ಸರಿಯಾಗಿ ಸಿಕ್ಕರೆ ಇದರ ಸ್ಮ್ಯಾಶ್ ಬೇರೆ ಎರಡರಲ್ಲೂ ಬರುವುದಿಲ್ಲ, ಇದು ಸತ್ಯ. ಆದರೆ ಗಟ್ಟಿ ಶಾಫ್ಟ್‌ನಿಂದ ಕೆಲಸ ತೆಗೆಯಬೇಕಾದರೆ ಕೈ ತುಂಬಾ ವೇಗವಾಗಿ ಬೀಸಬೇಕು. ನನ್ನ ಕೈಗೆ ಆ ವೇಗವಿಲ್ಲ. ಎದುರಿನವರು ಮೈಮೇಲೆ ಹೊಡೆದಾಗ ರಾಕೆಟ್ ಎತ್ತುವಷ್ಟರಲ್ಲಿ ಕಾಕ್ ದಾಟಿ ಹೋಗಿರುತ್ತಿತ್ತು. ಎರಡು ತಿಂಗಳಿಗೆ ಮೊಣಕೈ ಹೊರಭಾಗದಲ್ಲಿ ನೋವು ಶುರುವಾಯಿತು, ನೀರಿನ ಬಿಂದಿಗೆ ಎತ್ತಲೂ ಕಷ್ಟವಾಯಿತು. ಮೂರು ವಾರ ಆಟ ಬಿಟ್ಟೆ. ಬಾಳಿಕೆಯ ಮಾತು ಬಂದರೆ ಮಾತ್ರ ಇದಕ್ಕೇ ಮೊದಲ ಸ್ಥಾನ. ಎರಡು ಸಲ ಜೊತೆಗಾರರ ರಾಕೆಟ್‌ಗೆ ಡಿಕ್ಕಿಯಾಗಿದೆ, ಒಮ್ಮೆ ನೆಲಕ್ಕೂ ಬಡಿದಿದೆ, ಬಣ್ಣ ಎದ್ದಿದ್ದು ಬಿಟ್ಟರೆ ಏನೂ ಆಗಿಲ್ಲ. ಅಣ್ಣನ ಮಗನಿಗೆ ಹತ್ತೊಂಬತ್ತು, ಕಾಲೇಜಿನಲ್ಲಿ ಸಿಂಗಲ್ಸ್ ಆಡುತ್ತಾನೆ, ಅವನ ಭುಜಕ್ಕೆ ಇದು ಸರಿಹೋಯಿತು.

ನೋವಿನ ಭಯಕ್ಕೆ ತೀರಾ ಹಗುರದ್ದೇ ಇರಲಿ ಅಂತ 5ಯು ತಂದೆ. 3,100 ರೂಪಾಯಿ. ಹಿಡಿಯ ಮೇಲಿನ ಕೋನ್‌ನಲ್ಲಿ 35 ಪೌಂಡ್ ಅಂತ ದೊಡ್ಡದಾಗಿ ಬರೆದಿತ್ತು, ಇಷ್ಟು ಟೆನ್ಶನ್ (ಗಟ್, ಅಂದರೆ ರಾಕೆಟ್ ದಾರದ ಬಿಗಿ) ತಡೆಯುವ ಫ್ರೇಮ್ ಇನ್ನೇನು ಮುರಿಯುತ್ತದೆ ಅಂದುಕೊಂಡೆ. ಮೊದಲ ವಾರ ಹಬ್ಬವೇ. ನೆಟ್ ಹತ್ತಿರ ಕಾಕ್ ತಟ್ಟುವುದು, ಮೈಮೇಲೆ ಬಂದದ್ದನ್ನು ತಡೆಯುವುದು, ಅಡ್ಡ ಡ್ರೈವ್, ಎಲ್ಲವೂ ಸಲೀಸು. ತೊಂದರೆ ಹಿಂದಿನ ಗೆರೆಯಲ್ಲಿ. ಅಲ್ಲಿಂದ ಎದುರಿನ ಹಿಂದಿನ ಗೆರೆಗೆ ಕಾಕ್ ಕಳಿಸಲು ಮೈಯೆಲ್ಲಾ ತಿರುಗಿಸಿ ಹೊಡೆಯಬೇಕಿತ್ತು, ರಾಕೆಟ್ ತನ್ನ ತೂಕದಿಂದ ಏನೂ ಸಹಾಯ ಮಾಡುತ್ತಿರಲಿಲ್ಲ. ಅದರಲ್ಲೂ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕಾಕ್ ನಿಧಾನವಾಗುತ್ತದಲ್ವಾ, ಆಗಂತೂ ನನ್ನ ಕ್ಲಿಯರ್ (ಹೀಗೆ ಎದುರಿನ ಹಿಂದಿನ ಗೆರೆಗೆ ಕಳಿಸುವ ಹೊಡೆತ) ಎಲ್ಲಾ ಅರ್ಧ ಕೋರ್ಟ್‌ಗೇ ಬಿದ್ದು ಎದುರಿನವರಿಗೆ ಸ್ಮ್ಯಾಶ್ ಹೊಡೆಯಲು ಎತ್ತಿಕೊಟ್ಟ ಹಾಗಾಗುತ್ತಿತ್ತು.

ನಾಲ್ಕನೇ ತಿಂಗಳಲ್ಲಿ ನಡುವೆ ಬಂದ ಕಾಕ್‌ಗೆ ನಾನೂ ಜೊತೆಗಾರ್ತಿಯೂ ಒಟ್ಟಿಗೆ ಕೈ ಹಾಕಿದೆವು. ಅಂಥ ಜೋರೇನೂ ಅಲ್ಲ. ಗಟ್ಟಿಂಗ್ ಹಾಕುವ ಹುಡುಗ ಫ್ರೇಮನ್ನು ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕು ತೋರಿಸಿದ. "ಅಕ್ಕಾ, ಇದಕ್ಕೆ ಗಟ್ ಎಳೆದರೆ ಮೆಷಿನ್ ಮೇಲೇ ಮುರಿಯುತ್ತೆ, ಬೇಡ ಬಿಡಿ" ಅಂದ. ಅಂಗಡಿಯವರು ಡಿಕ್ಕಿಯಾದ ರಾಕೆಟ್‌ಗೆ ವಾರಂಟಿ ಇಲ್ಲ ಅಂದರು. ಆ 35 ಪೌಂಡ್ ಅನ್ನುವುದು ಸುತ್ತಲೂ ಸಮನಾಗಿ ಒಳಕ್ಕೆ ಎಳೆಯುವ ಗಟ್‌ನ ಬಿಗಿಯನ್ನು ತಡೆಯುವ ಲೆಕ್ಕ. ಪಕ್ಕದಿಂದ ಒಂದೇ ಜಾಗಕ್ಕೆ ಬೀಳುವ ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇದು ಮೊದಲೇ ಗೊತ್ತಿದ್ದರೆ ಡಬಲ್ಸ್‌ಗೆ ಅದನ್ನು ಕೊಳ್ಳುತ್ತಿರಲಿಲ್ಲ.

ಈಗಿನದು 4ಯು, ಸಮ ಬ್ಯಾಲೆನ್ಸ್, ಮಧ್ಯಮವಾಗಿ ಬಗ್ಗುವ ಶಾಫ್ಟ್. ಹನ್ನೊಂದು ತಿಂಗಳಾಯಿತು. ಸ್ಮ್ಯಾಶ್ 3ಯುನಷ್ಟು ಇಲ್ಲ, ತಡೆಯುವುದು 5ಯುನಷ್ಟು ಚುರುಕಲ್ಲ, ಆದರೆ ಹಿಂದಿನ ಗೆರೆಯಿಂದ ಕ್ಲಿಯರ್ ಹೋಗುತ್ತದೆ, ನೆಟ್‌ನಲ್ಲಿ ಕೈ ತಡವಾಗುವುದಿಲ್ಲ, ಮೊಣಕೈ ನೋವು ತಿರುಗಿ ಬಂದಿಲ್ಲ. ಮೂರು ಡಿಕ್ಕಿ ಆಗಿದೆ. ಒಂದು ಗ್ರೋಮೆಟ್ (ಗಟ್ ಹಾಯುವ ತೂತಿನ ಪ್ಲಾಸ್ಟಿಕ್ ಕೊಳವೆ) ಸೀಳಿತ್ತು, ಹತ್ತು ರೂಪಾಯಿಗೆ ಬದಲಾಯಿಸಿದರು, ಅಷ್ಟೇ.

ಒಂದು ಮಾತು ಒಪ್ಪಬೇಕು, ಈ 4ಯು ಇಷ್ಟವಾಗಲು ಅರ್ಧ ಕಾರಣ ಗಟ್ಟಿಂಗ್. 5ಯುಗೆ ಹುಡುಗನ ಹತ್ತಿರ 28 ಪೌಂಡ್ ಹಾಕಿಸಿದ್ದೆ, ಅದೂ ತೆಳು ಗಟ್, 0.66 ಮಿ.ಮೀ. ನಡುವೆ ಸಿಕ್ಕರೆ ಟಣ್ ಅಂತ ಶಬ್ದ, ಕೇಳೋಕೆ ತುಂಬಾ ಹಿತ. ಸ್ವಲ್ಪ ಆಚೆ ಈಚೆ ಸಿಕ್ಕರೆ ಹಲಗೆಗೆ ಹೊಡೆದ ಹಾಗೆ. ಬಿಗಿ ಜಾಸ್ತಿಯಾದಷ್ಟೂ ಗಟ್ ಕಾಕನ್ನು ಎತ್ತಿ ಎಸೆಯುವುದು ಕಡಿಮೆ, ಸರಿಯಾಗಿ ಸಿಗುವ ಜಾಗವೂ ಚಿಕ್ಕದು. ಐದು ವಾರಕ್ಕೆ ಹರಿಯಿತು. 4ಯುಗೆ ಯೋನೆಕ್ಸ್‌ನ ಬಿಜಿ 65 ಹಾಕಿಸಿದೆ, 0.70 ಮಿ.ಮೀ. ದಪ್ಪ, 24 ಪೌಂಡ್. ಕೂಲಿ ಸೇರಿ 480 ರೂಪಾಯಿ. ಮೂರೂವರೆ ತಿಂಗಳು ಬಂತು, ಈಗ ಹಾಕಿಸಿರುವುದು ಮೂರನೆಯದು. 5ಯುಗೂ ಇದನ್ನೇ ಹಾಕಿಸಿದ್ದರೆ ನನ್ನ ಕ್ಲಿಯರ್ ಇನ್ನೊಂದು ಅಡಿ ಹೋಗುತ್ತಿತ್ತೇನೋ, ಆ ಮಟ್ಟಿಗೆ ಅದಕ್ಕೆ ಅನ್ಯಾಯ ಮಾಡಿದ್ದೇನೆ. ಬಿರುಕು ಮಾತ್ರ ಹೇಗೂ ಬೀಳುತ್ತಿತ್ತು.

ಗಟ್ ಒಂದು ಎಳೆ ಹರಿದ ಕೂಡಲೇ ಉಳಿದದ್ದನ್ನೂ ನಡುವಿನಿಂದ ಕತ್ತರಿಸಿಬಿಡಿ. ಹಾಗೇ ಬಿಟ್ಟರೆ ಒಂದು ಕಡೆ ಎಳೆತ, ಒಂದು ಕಡೆ ಸಡಿಲ, ಫ್ರೇಮ್ ಸೊಟ್ಟಗಾಗುತ್ತದೆ. ನಾನು ಬ್ಯಾಗ್‌ನಲ್ಲೇ ಒಂದು ಚಿಕ್ಕ ಕತ್ತರಿ ಇಟ್ಟಿದ್ದೇನೆ. ಆಟ ಮುಗಿಸಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗುವ ಭಾನುವಾರಗಳಲ್ಲಿ ರಾಕೆಟ್‌ಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಿಲ್ಲ, ಬ್ಯಾಗ್ ಜೊತೆಗೇ ಹೋಟೆಲ್ ಒಳಗೆ ಬರುತ್ತದೆ.

ಹಿಡಿಯ ಬಗ್ಗೆ ಇಷ್ಟೇ: ಯೋನೆಕ್ಸ್‌ನಲ್ಲಿ ಜಿ5 ಅನ್ನುವುದು ಜಿ4ಗಿಂತ ತೆಳು. ನನ್ನಂತೆ ಚಿಕ್ಕ ಕೈ ಇದ್ದರೆ ಜಿ5 ತಗೊಂಡು ಮೇಲೆ ಒಂದು ಗ್ರಿಪ್ ಸುತ್ತಿಕೊಳ್ಳಿ.

ಡಬಲ್ಸ್ ಆಡುವ ಹೆಂಗಸರಿಗೆ ನಾನು 4ಯು ಹೇಳುತ್ತೇನೆ. ಬರೀ ನೆಟ್ ಹತ್ತಿರ ಆಡುವವರು, ಜೊತೆಗಾರರ ಜೊತೆ ಒಳ್ಳೆ ಹೊಂದಾಣಿಕೆ ಇರುವವರು 5ಯು ಧೈರ್ಯವಾಗಿ ತಗೊಳ್ಳಬಹುದು. ನಾನು ಮುಂದಿನ ತಿಂಗಳು ಅದೇ 4ಯು ಇನ್ನೊಂದು ತರಲಿದ್ದೇನೆ, ಗಟ್ ಹರಿದ ದಿನ ಬೇರೆಯವರ ರಾಕೆಟ್ ಬೇಡಿ ಆಡಬೇಕಾಗುತ್ತದೆ. 24 ಪೌಂಡ್ ಅಂತ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ.