ಗಾಜಿನ ಗುಮ್ಮಟಕ್ಕೆ ಅಡ್ವಾನ್ಸ್ ಹಾಕುವ ಮುಂಚೆ

ಗೋಕರ್ಣ, ಕುಮಟಾ, ಕಾರವಾರದ ಕಡೆ ರಜೆಗೆ ಬರುವವರು ದಯವಿಟ್ಟು ಓದಿ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಮೇ ತಿಂಗಳಲ್ಲಿ ಕಡಲಿಗೆ ಮುಖ ಮಾಡಿದ ‘ಗಾಜಿನ ಗುಮ್ಮಟ’ವೊಂದನ್ನು ಎರಡು ರಾತ್ರಿಗೆ ಬುಕ್ ಮಾಡಿತ್ತು. ಫೋಟೊದಲ್ಲಿ ತಲೆ ಮೇಲೆ ನಕ್ಷತ್ರ, ಬೆಳ್ಳಗಿನ ಹಾಸಿಗೆ. ಬಂದು ನೋಡಿದರೆ ಅದು ಗಾಜೇ ಅಲ್ಲ, ಕಬ್ಬಿಣದ ಪೈಪಿಗೆ ಬಿಗಿದ ಪಿವಿಸಿ ಹಾಳೆ. ಮಧ್ಯಾಹ್ನ ಎರಡಕ್ಕೆ ಬೀಗ ತೆಗೆದಾಗ ಒಳಗೆ ನಿಲ್ಲಲಾಗದ ಸೆಕೆ. ಎಸಿ ಹಾಕಿ ಹೊತ್ತು ಮುಳುಗುವ ತನಕ ಕಾದರೂ ತಂಪಾಗಲಿಲ್ಲ. ರಾತ್ರಿ ಗಾಳಿ ಬೀಸಿ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಎರಡು ಬಲ್ಬು ಒಂದು ಫ್ಯಾನಿಗೆ. ಜೊತೆಗಿದ್ದ ಅಜ್ಜಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಬೆಳಗು ಮಾಡಿದರು. ಎರಡನೇ ರಾತ್ರಿಯ ದುಡ್ಡು ವಾಪಸ್ ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಹವಾಮಾನಕ್ಕೆ ನಾವು ಹೊಣೆಯಲ್ಲ.’

ಹೊಣೆ ಅವರದೇ. ಲೆಕ್ಕ ನೋಡಿ. 6 ಮೀಟರ್ ವ್ಯಾಸದ ಅರೆಗೋಳದೊಳಗೆ ಸುಮಾರು 56 ಘನ ಮೀಟರ್ ಗಾಳಿ ಇರುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಮಾಮೂಲಿ ಕೋಣೆಯಲ್ಲಿ ಇರುವುದು 34ರ ಆಸುಪಾಸು. ಎಸಿ ಮಾತ್ರ ಎರಡಕ್ಕೂ ಅದೇ ಒಂದೂವರೆ ಟನ್ನಿನದು, ಅಂದರೆ ಐದು ಕಿಲೋವಾಟ್ ಚಿಲ್ಲರೆ ಶಾಖ ಹೊರಹಾಕುವ ತಾಕತ್ತು. ನಮ್ಮಲ್ಲಿ ಕಡಲು ಇರುವುದು ಪಡುವಣಕ್ಕೆ. ‘ಸೀ ವ್ಯೂ’ ಬೇಕೆಂದು ಪಾರದರ್ಶಕ ಭಾಗವನ್ನು ಅತ್ತ ತಿರುಗಿಸಿದರೆ ಮೂರು ಗಂಟೆಯಿಂದ ಆರರ ತನಕ ಬಿಸಿಲು ನೆಟ್ಟಗೆ ಒಳಗೇ ಬೀಳುತ್ತದೆ. ಆ ಭಾಗ 7 ಚದರ ಮೀಟರ್ ಇದ್ದರೂ ಮೂರ್ನಾಲ್ಕು ಕಿಲೋವಾಟ್ ಶಾಖ ಅಲ್ಲಿಂದಲೇ ಒಳಬರುತ್ತದೆ. ಉಳಿದ ಚೂರುಪಾರು ಶಕ್ತಿಯಲ್ಲಿ ಎಸಿ ತೆಳ್ಳನೆ ಹಾಳೆ ಕಾದು ಬರುವ ಬಿಸಿಯನ್ನೂ ಕರಾವಳಿಯ ತೇವವನ್ನೂ ಎಳೆಯಬೇಕು. ಆಗದ ಮಾತು.

ಈ ಗುಮ್ಮಟದ ಕಲ್ಪನೆಗೆ ಹೆಸರು ತಂದದ್ದು ಆರ್ಕ್ಟಿಕ್ ವೃತ್ತದ ಉತ್ತರಕ್ಕಿರುವ ಫಿನ್‌ಲ್ಯಾಂಡಿನ ಕಾಕ್ಸ್‌ಲೌಟ್ಟಾನೆನ್ ರೆಸಾರ್ಟಿನ ಗಾಜಿನ ಇಗ್ಲೂಗಳು. ಅಲ್ಲಿನ ಗಾಜಿನ ಕೆಲಸವೇ ಒಳಗಿನ ಬಿಸಿಯನ್ನು ಹೊರಗೆ ಬಿಡದೆ, ಹಿಮ ಕಟ್ಟದಂತೆ ನೋಡಿಕೊಂಡು ಆಕಾಶದ ಬೆಳಕಿನಾಟ ಕಾಣಿಸುವುದು. ಬಿಸಿ ಹಿಡಿದಿಡುವ ಸಾಮಾನನ್ನು ತಂದು ಅಘನಾಶಿನಿ ಅಳಿವೆಯ ಪಕ್ಕ ನಿಲ್ಲಿಸಿದರೆ ಅದು ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತದೆ, ಪಾಪ.

ಹಾಗಾದರೆ ಫೋನಿನಲ್ಲಿ ಏನು ಕೇಳಬೇಕು? ಹಾಳೆ ಒಂದು ಪದರವೋ, ಒಳಗೆ ಅಸ್ತರಿ ಹಾಕಿದ್ದಾರೋ. ಮೇಲ್ಗಡೆ ಬಿಸಿಗಾಳಿ ಹೋಗಲು ತೆರೆಯುವ ಕಿಂಡಿ ಉಂಟೋ. ಜನರೇಟರ್‌ನಲ್ಲಿ ಎಸಿ ಓಡುತ್ತದೋ, ಬರೀ ದೀಪವೋ. ಮಧ್ಯಾಹ್ನ ಮೂರು ಗಂಟೆಗೆ ವೀಡಿಯೊ ಕಾಲ್ ಮಾಡಿ ಒಳಗೆ ತೋರಿಸಿ ಅನ್ನಿ. ಸಂಜೆ ಮಾಡಿದರೆ ಎಲ್ಲವೂ ಚೆಂದವೇ. ಪೈಪು ಕೂಡುವ ಬೋಲ್ಟಿನ ಹತ್ತಿರ ಕ್ಯಾಮೆರಾ ಹಿಡಿಯಲು ಹೇಳಿ. ಬೋಲ್ಟಿನಿಂದ ಕೆಂಪು ಗೀರು ಇಳಿದಿದ್ದರೆ ಉಪ್ಪುಗಾಳಿ ಅದನ್ನು ಆಗಲೇ ತಿನ್ನತೊಡಗಿದೆ. ಕಡಲಂಚಿನಲ್ಲಿ 304 ದರ್ಜೆಯ ಸ್ಟೀಲಿಗೂ ಕಲೆ ಬೀಳುತ್ತದೆ, 316 ಆದರೆ ತಡೆಯುತ್ತದೆ. ಮಳೆಗಾಲದಲ್ಲಿ ಎಸಿ ಹಾಕಿದರೆ ಹಾಳೆಯ ಹೊರಮೈ ಬೆವರಿ ಮಂಜು ಕಟ್ಟುವುದರಿಂದ ಯಾವ ದೃಶ್ಯಕ್ಕೆ ದುಡ್ಡು ಕೊಟ್ಟಿದ್ದೀರೋ ಅದೇ ಕಾಣುವುದಿಲ್ಲ. ಹಾಸಿಗೆಯಲ್ಲಿ ಬೂಷ್ಟಿನ ವಾಸನೆ ಬಂದರೆ ಮಲಗಬೇಡಿ, ಉಬ್ಬಸ ಇರುವವರಂತೂ ಬೇಡವೇ ಬೇಡ.

ಶಿರಸಿ, ಜೋಯಿಡಾ ಕಡೆಯ ಮರದ ಮೇಲಿನ ಮನೆಗಳದ್ದು ಬೇರೆ ಕತೆ. ಸ್ವೀಡನ್ನಿನ ಹರಾಡ್ಸ್‌ನಲ್ಲಿ 2010ರಲ್ಲಿ ಶುರುವಾದ ಟ್ರೀಹೋಟೆಲ್‌ನ ಕನ್ನಡಿ ಕೋಣೆ 4 ಮೀಟರಿನ ಚೌಕ. ಹಕ್ಕಿಗಳು ಡಿಕ್ಕಿ ಹೊಡೆಯದಿರಲೆಂದು ಅದರ ಕನ್ನಡಿಗೆ ಅವಕ್ಕಷ್ಟೇ ಕಾಣುವ ಪದರ ಹಚ್ಚಿದ್ದಾರೆ. ಅಷ್ಟು ದೂರ ಯೋಚಿಸಿದವರು ಅವರು. ನಮ್ಮಲ್ಲಿ ನೋಡಬೇಕಾದ್ದು ಅದಕ್ಕಿಂತ ಸರಳ. ಗಾಳಿಗೆ ಎರಡು ಮರಗಳು ಒಂದೇ ತರ ತೂಗುವುದಿಲ್ಲ. ತೊಲೆಯ ಎರಡೂ ತುದಿಯನ್ನು ಬಿಗಿದು ಹೊಡೆದಿದ್ದರೆ ಒಂದು ಕಡೆ ಸೀಳಲೇಬೇಕು, ಒಂದು ತುದಿಗೆ ಜಾರಲು ಜಾಗ ಇರಬೇಕು. ಒಂದು ದಪ್ಪ ಬೋಲ್ಟನ್ನು ಮರ ತಾಳಿಕೊಳ್ಳುತ್ತದೆ, ಹತ್ತಾರು ಮೊಳೆಯನ್ನಲ್ಲ. ಸುತ್ತ ಬಿಗಿದ ತಂತಿ, ಹಗ್ಗ ಮರ ದಪ್ಪಗಾದಂತೆ ತೊಗಟೆಯನ್ನೇ ಕೊಯ್ಯುತ್ತದೆ. ನೆಲಕ್ಕೆ ಊರಿದ ಕಂಬದ ಬುಡಕ್ಕೆ ಗಾಡಿಯ ಕೀ ಚುಚ್ಚಿ ನೋಡಿ. ಒಳಗೆ ಹೋದರೆ ಒರಲೆಯೋ ಕೊಳೆಯೋ ಹಿಡಿದಿದೆ ಅಂತ ಲೆಕ್ಕ, ಮೇಲೆ ಹತ್ತಬೇಡಿ. ಅಡಕೆ ದಬ್ಬೆಯ ಕಟಕಟೆ ಫೋಟೊಕ್ಕೆ ಒಳ್ಳೆಯದು. ಎರಡು ಮಳೆಗಾಲ ಕಂಡ ದಬ್ಬೆಗೆ ಒರಗಿ ಸೆಲ್ಫಿ ತೆಗೆಯುವುದು ಒಳ್ಳೆಯದಲ್ಲ. ಮಕ್ಕಳಿದ್ದರೆ ಕಟಕಟೆ ಹೆಚ್ಚುಕಡಿಮೆ ಮೂರೂವರೆ ಅಡಿ ಎತ್ತರವಿರಲಿ, ಸಂದು ನಾಲ್ಕು ಇಂಚಿಗಿಂತ ಕಡಿಮೆಯಿರಲಿ. ಜೂನ್ ನಂತರ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ. ಉಂಬಳದ (ಜಿಗಣೆ) ವಿಷಯ ಬಿಡಿ, ಅದು ನಮ್ಮೂರ ಆತಿಥ್ಯದ ಭಾಗ.

ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಬೊಲಿವಿಯಾದ ಉಯುನಿಯಲ್ಲಿ ಉಪ್ಪಿನ ಬಯಲಿನ ನಡುವೆ ಉಪ್ಪಿನ ಇಟ್ಟಿಗೆಯಿಂದಲೇ ಕಟ್ಟಿದ್ದ ಹೋಟೆಲನ್ನು ಹೊಲಸು ವಿಲೇವಾರಿ ಸಮಸ್ಯೆಯಿಂದಾಗಿ 2002ರಲ್ಲಿ ಬಿಚ್ಚಬೇಕಾಯಿತು, ಆಮೇಲೆ ಬಯಲಿನ ಅಂಚಿನಲ್ಲಿ ಹೊಸದಾಗಿ ಕಟ್ಟಿದರು. ನಮ್ಮ ಮರಳು ನೆಲದಲ್ಲೂ ಅದೇ ತೊಂದರೆ. ಬಾವಿಯ ನೀರು ಮೇಲೆಯೇ ಇರುತ್ತದೆ, ಗುಂಡಿಯ ನೀರು ಬೇಗ ಸೋರಿ ಸೇರುತ್ತದೆ. ಶೌಚದ ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರ ಕಾಣದಿದ್ದರೆ ಕುಡಿಯಲು ಕುದಿಸಿದ ನೀರನ್ನೇ ಕೇಳಿ.

ಕಾಳಿ ಹೊಳೆಯ ದಂಡೆಯ ಟೆಂಟುಗಳ ಬಗ್ಗೆ ಒಂದೇ ಮಾತು. ಗಣೇಶಗುಡಿ ಕಡೆ ನೀರು ಏರಿಳಿಯುವುದು ಸೂಪಾ ಅಣೆಕಟ್ಟಿನಿಂದ ಬಿಡುವುದರ ಮೇಲೆ, ಕಾಳಿಯ ಕೆಳಗಿನ ಹಳ್ಳಿಗಳು 2019ರಲ್ಲಿ, 2021ರಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಮುಳುಗಿದ್ದವು. ನೀರಿನ ಅಂಚಿನಲ್ಲಿ ಟೆಂಟ್ ಹಾಕಿ, ರಾತ್ರಿ ಎಬ್ಬಿಸಲು ಒಬ್ಬ ಕಾವಲಿನವನನ್ನೂ ಇಟ್ಟಿರದ ಕಡೆ ಮಲಗಬೇಡಿ.

ಜಗತ್ತಿನ ಒಳ್ಳೆಯ ವಿಚಿತ್ರ ಹೋಟೆಲುಗಳು ಕಷ್ಟವನ್ನು ಮೊದಲೇ ಹೇಳುತ್ತವೆ. ಸ್ವೀಡನ್ನಿನ ಯುಕ್ಕಾಸ್‌ಯಾರ್ವಿಯ ಹಿಮದ ಹೋಟೆಲ್ ಕೋಣೆಯಲ್ಲಿ ಮೈನಸ್ 5ರಿಂದ 8 ಡಿಗ್ರಿ ಇರುತ್ತದೆ ಎಂದು ಹೇಳಿಯೇ ಮಲಗುವ ಚೀಲ ಕೊಡುತ್ತದೆ, ಬೇಡವೆಂದವರಿಗೆ ಬೆಚ್ಚಗಿನ ಕೋಣೆಯೂ ಉಂಟು. ಫ್ಲಾರಿಡಾದ ನೀರೊಳಗಿನ ಜೂಲ್ಸ್ ಲಾಡ್ಜಿಗೆ ಡೈವ್ ಮಾಡಿಯೇ ಹೋಗಬೇಕು. ಇದ್ದು ಬಂದ ಮೇಲೆ 24 ಗಂಟೆ ವಿಮಾನ ಹತ್ತುವಂತಿಲ್ಲ. ನಮ್ಮಲ್ಲಿಯೂ ‘ಏಪ್ರಿಲ್, ಮೇನಲ್ಲಿ ಬರಬೇಡಿ, ಡಿಸೆಂಬರ್, ಜನವರಿಗೆ ಬನ್ನಿ’ ಎನ್ನುವ ಮಾಲೀಕರಿದ್ದಾರೆ. ದುಡ್ಡು ಅಂಥವರಿಗೆ ಕೊಡಿ.

ಅಡ್ವಾನ್ಸ್ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿ ಸಂಖ್ಯೆ ಕೇಳಿ. ಕರೆಂಟ್ ಇಲ್ಲದಿದ್ದರೆ, ರಸ್ತೆ ಬಂದಾದರೆ ದುಡ್ಡು ವಾಪಸ್ ಉಂಟೋ ಇಲ್ಲವೋ ಎಂಬುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನೆನಪಿರಲಿ. ಹಣ ಹಾಕಿದ ಮೇಲೆ ಫೋನೇ ಎತ್ತದಿದ್ದರೆ, ಹೇಳಿದ ಜಾಗದಲ್ಲಿ ಗುಮ್ಮಟವೇ ಇಲ್ಲದಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಯಿಂದ ಖಾತೆಗೆ ದಾಟುತ್ತಿರುವಾಗಲೇ ಹೇಳಿದರೆ ತಡೆಹಿಡಿಯಲು ಸಾಧ್ಯ.